ಹಾರದ ಫೋಟೋ ಹಿಂದೆ ಕಾಣಿಸ್ತಿರೋ ಕೋಲು ನಂದೇ

ಸಂಪಾದಕರೇ,

ಭಾನುವಾರದ ಪೇಪರ್‌ನಲ್ಲಿ ನಮ್ಮ ಕೋರ್ಟಿನ ಲೋಕ ಅದಾಲತ್ ಸುದ್ದಿ ಚೆನ್ನಾಗಿ ಹಾಕಿದೀರಿ. ಮತ್ತೆ ಒಂದಾದ ಗಂಡ ಹೆಂಡ್ತಿ ಹಾರ ಹಾಕ್ಕೊಂಡು ನಿಂತಿರೋ ಫೋಟೋ, ಕೆಳಗೆ 'ಅಪಘಾತ ಪ್ರಕರಣಗಳಿಗೂ ಸೌಹಾರ್ದ ತೆರೆ' ಅಂತ ಸಾಲು. ಆ ದಂಪತಿ ನೂರು ಕಾಲ ಚೆನ್ನಾಗಿರ್ಲಿ. ಆದ್ರೆ ಅವರ ಎಡಗಡೆ ಹಿಂದೆ ಅರ್ಧ ಬೆಂಚು, ಅದಕ್ಕೆ ಒರಗಿಸಿಟ್ಟಿರೋ ಒಂದು ಕೋಲು ಕಾಣ್ಸುತ್ತಲ್ಲ, ಅದು ನಂದು. ನಾನು ಫೋಟೋದಲ್ಲಿ ಕಟ್ ಆಗಿದೀನಿ. ಕೇಸಲ್ಲೂ ಅಷ್ಟೇ.

ನನ್ನದು ಟೇಲರಿಂಗ್ ಅಂಗಡಿ. 2023ರ ಜೂನ್‌ನಲ್ಲಿ ಪಿ.ಬಿ. ರೋಡಿನ ಆ ಕತ್ತಲೆ ತಿರುವಲ್ಲಿ (ಯಾವ ತಿರುವು ಅಂತ ನಿಮ್ಮ ಓದುಗರಿಗೆ ಹೇಳೋದೇ ಬೇಡ) ಗೂಡ್ಸ್ ಗಾಡಿ ಬಂದು ಗುದ್ದಿ, ಬಲಗಾಲು ಮೊಣಕಾಲಿನ ಕೆಳಗೆ ಎರಡೂ ಮೂಳೆ ಹೋಯ್ತು. ರಾಡ್ ಹಾಕಿದ್ರು, ಮೂಳೆ ಕೂಡ್ಕೊಂಡ್ತು, ಪಾದ ಮಾತ್ರ ಇವತ್ತಿಗೂ ಸರಿಯಾಗಿ ಮಡಚಲ್ಲ. ಆರು ತಿಂಗಳೊಳಗೆ ಹಾಕ್ಲೇಬೇಕು ಅಂತ ವಕೀಲರು ಹೇಳಿದ್ದಕ್ಕೆ ಕೋಲು ಊರ್ಕೊಂಡೇ ಹೋಗಿ ಪರಿಹಾರದ ಕ್ಲೇಮ್ ಹಾಕಿದ್ದು. ಆಮೇಲೆ ಎಷ್ಟು ಡೇಟು ಬಿತ್ತು ಅಂತ ಲೆಕ್ಕ ಇಡೋದನ್ನೇ ಬಿಟ್ಟೆ.

ಅದಾಲತ್ತಿಗೆ ಶನಿವಾರ ಬೆಳಿಗ್ಗೆ ಹತ್ತಕ್ಕೇ ಬನ್ನಿ ಅಂದ್ರು, ಹೋದೆ. ಮದುವೆ ಸೀಸನ್ನು, ಹದಿನೆಂಟು ಬ್ಲೌಸು ಡೆಲಿವರಿ ಇತ್ತು, ಹೆಂಡ್ತಿ ಕೈಲಿ ಗಿರಾಕಿಗಳಿಗೆ ಫೋನ್ ಮಾಡ್ಸಿ ಬೈಸ್ಕೊಂಡು ಅಂಗಡಿ ಬಾಗಿಲು ಹಾಕಿ ಹೋದೆ. ಗಾಡಿಯ ಇನ್ಶೂರೆನ್ಸ್ ಕಂಪ್ನಿ ಆಫೀಸರ್ ಬಂದಿದ್ದು ಹನ್ನೆರಡೂವರೆಗೆ. ಬಂದೋರು ಫೈಲ್ ತೆಗೆದು ಮೊದ್ಲು ಕೈ ಹಾಕಿದ್ದೇ ಮೆಡಿಕಲ್ ಬಿಲ್ಲಿಗೆ. ಆ ನುಣುಪು ಪೇಪರಿನ ಬಿಲ್ಲು ನೋಡಿ, ಸ್ವಲ್ಪ ದಿನಕ್ಕೇ ಅಕ್ಷರ ಮಾಸೋಗುತ್ತೆ. ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು 'ಇದ್ರಲ್ಲಿ ಏನೂ ಇಲ್ವಲ್ರೀ' ಅಂತ ಪಕ್ಕಕ್ಕಿಟ್ರು. ಕೊಟ್ಟಾಗ ಇತ್ತು ಸಾರ್, ನೀವು ಬರೋಷ್ಟರಲ್ಲಿ ಅಳಿಸೋಯ್ತು ಅಂದೆ. ನಮ್ಮ ವಕೀಲರು ನನ್ನ ಕಾಲು ತುಳಿದ್ರು, ಪುಣ್ಯಕ್ಕೆ ಎಡಗಾಲು.

ಆಮೇಲೆ ಶುರುವಾಯ್ತು ವ್ಯಾಪಾರ. ಡಾಕ್ಟ್ರು ಕಾಲಿಗೆ 36 ಪರ್ಸೆಂಟ್ ಊನ ಅಂತ ಬರೆದಿದಾರೆ. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಹಿಡೀತಾರಂತೆ, ಅಂದ್ರೆ 12. ನಂಗೆ ಆಗ 43 ವರ್ಷ, ಆ ವಯಸ್ಸಿಗೆ ವರ್ಷದ ಆದಾಯ ನಷ್ಟನ 14ರಿಂದ ಗುಣಿಸ್ಬೇಕಂತೆ, ಇದು ಸುಪ್ರೀಂ ಕೋರ್ಟೇ ಸರಳಾ ವರ್ಮಾ ಕೇಸಲ್ಲಿ 2009ರಲ್ಲಿ ಹಾಕಿಕೊಟ್ಟ ಲೆಕ್ಕ. ತಿಂಗಳಿಗೆ ಬರೀ 15 ಸಾವಿರ ಆದಾಯ ಹಿಡಿದ್ರೂ ಅದೊಂದೇ 3,02,400 ಆಗುತ್ತೆ, ಆಸ್ಪತ್ರೆದು 1,64,000, ನಾಲ್ಕು ತಿಂಗಳು ಅಂಗಡಿ ಮುಚ್ಚಿದ್ದಕ್ಕೆ 60 ಸಾವಿರ, ಐದು ಲಕ್ಷದ ಮೇಲೆ ಇಪ್ಪತ್ತಾರು ಸಾವಿರ ಚಿಲ್ಲರೆ, ಇದರಲ್ಲಿ ನೋವಿಗೆ ಅಂತ ಒಂದು ರೂಪಾಯಿನೂ ಸೇರಿಲ್ಲ. ವಕೀಲರು ಕ್ಯಾಲೆಂಡರ್ ಹಾಳೆ ಹಿಂದೆ ಬರೆದುಕೊಟ್ಟಿದ್ರು, ಬಾಯಿಪಾಠ ಆಗಿದೆ ನಂಗೆ.

ಆಫೀಸರ್ ಹೇಳಿದ್ದು ಎಲ್ಲಾ ಸೇರಿ ಎರಡೂಕಾಲು ಲಕ್ಷ. ಊನ 12 ಅಲ್ಲ 8 ಅಂತೆ. ಯಾಕೆ ಸಾರ್ ಅಂದ್ರೆ, 'ಮಾಸ್ಟ್ರೇ, ಈಗಿನ ಕಾಲ್ದಲ್ಲಿ ಯಾರ್ರೀ ಪೆಡಲ್ ತುಳೀತಾರೆ? ಮೆಷಿನ್ನಿಗೆ ಮೋಟರ್ ಹಾಕಿಸ್ಕೊಳ್ಳಿ, ಕಾಲಿನ ಕೆಲ್ಸನೇ ಇಲ್ಲ' ಅಂದ್ರು. ಸ್ವಾಮಿ, ಮೋಟರ್ ಹಾಕಿದ್ರೂ ಅದನ್ನ ಒತ್ತೋದು ಕಾಲಲ್ಲೇ. ಅದೂ ಪಾದದ ತುದಿಲಿ ಹಗುರಕ್ಕೆ ಒತ್ತಿ ಬಿಡ್ಬೇಕು. ನನ್ನ ಪಾದ ಒತ್ತಿದ್ರೆ ಒತ್ಕೊಂಡೇ ಇರುತ್ತೆ, ಬ್ಲೌಸಿನ ಕುತ್ತಿಗೆ ತಿರುಗಿಸೋ ಜಾಗದಲ್ಲಿ ಸೂಜಿ ನೆಟ್ಟಗೆ ಓಡೋಗುತ್ತೆ. ಎರಡು ರೇಷ್ಮೆ ಬ್ಲೌಸಿನ ದುಡ್ಡು ಕೈಯಿಂದ ಕಟ್ಟಿದೀನಿ ಹಿಂಗಾಗಿ.

ಅಂತೂ ಎಳೆದಾಡಿ ಎಳೆದಾಡಿ ಮೂರೂಕಾಲು ಲಕ್ಷಕ್ಕೆ ಬಂತು. ಒಪ್ಕೊಂಡೆ ಸಾರ್, ನಾಚಿಕೆ ಬಿಟ್ಟು ಹೇಳ್ತೀನಿ, ಸಾಲಗಾರರ ಮುಖ ನೆನಪಾಗಿ ಒಪ್ಕೊಂಡೆ. ಅದಾಲತ್‌ನಲ್ಲಿ ಸೈನ್ ಹಾಕಿದ್ರೆ ಮತ್ತೆ ಅಪೀಲ್ ಇಲ್ಲ ಅಂತ ಗೊತ್ತಿದ್ದೂ ಪೆನ್ ಕೈಗೆ ತಗೊಂಡೆ. ಅಷ್ಟರಲ್ಲಿ ಆಫೀಸರ್‌ಗೆ ಫೋನು. ಹೊರಗಡೆ ಹೋಗಿ ಬಂದು, ಮೂರು ಲಕ್ಷದ ಮೇಲೆ ಹೋದ್ರೆ ರೀಜನಲ್ ಆಫೀಸ್ ಅಪ್ರೂವಲ್ ಬೇಕು, ಮುಂದಿನ ಅದಾಲತ್‌ಗೆ ನೋಡೋಣ, ಇಲ್ಲಾಂದ್ರೆ ಈಗ್ಲೇ ಎರಡೂಮುಕ್ಕಾಲಿಗೆ ಮುಗಿಸಿಬಿಡಿ ಅಂದ್ರು. ಆಗ ಟೈಮು ನಾಲ್ಕೂ ಹತ್ತು. ಊಟ ಇಲ್ಲ. ಅದೇ ಹೊತ್ತಿಗೆ ಆಕಡೆ ದಂಪತಿಗೆ ಚಪ್ಪಾಳೆ.

ನನ್ನ ಪ್ರಶ್ನೆ ಒಂದೇ. 2022ರ ಏಪ್ರಿಲ್‌ನಿಂದ ಕಾನೂನೇ ಇದೆಯಂತಲ್ಲ, ಮೋಟಾರು ವಾಹನ ಕಾಯ್ದೆ 164ನೇ ಸೆಕ್ಷನ್ನು, ಗಂಭೀರ ಗಾಯ ಆದ್ರೆ ತಪ್ಪು ಯಾರದ್ದು ಅಂತ ಸಾಬೀತು ಮಾಡದೇನೇ ಎರಡೂವರೆ ಲಕ್ಷ ಅಂತ. ಏನೂ ಸಾಬೀತು ಮಾಡದೋನಿಗೆ ಎರಡೂವರೆ, ಚಾರ್ಜ್‌ಶೀಟು, ಡಾಕ್ಟ್ರ ಸಾಕ್ಷಿ ಎಲ್ಲಾ ಹಾಕಿ ಇಷ್ಟು ವರ್ಷ ಅಲೆದೋನಿಗೆ ಎರಡೂಮುಕ್ಕಾಲು. ನನ್ನ ಅಲೆದಾಟದ ರೇಟು 25 ಸಾವಿರ ಅಂತಾಯ್ತು! ಯಾರೋ ಇನ್ಶೂರೆನ್ಸ್ ದೂರು ಕೇಳೋ ಓಂಬಡ್ಸ್‌ಮನ್‌ಗೆ ಬರೀರಿ ಅಂದ್ರು. ವಿಚಾರಿಸಿದ್ರೆ ಅದು ಪಾಲಿಸಿ ಮಾಡಿಸಿದೋರಿಗಂತೆ, ಗುದ್ದಿಸ್ಕೊಂಡೋರಿಗಲ್ಲ.

ಇದೆಲ್ಲಾ ಬಿಡಿ, ಆ ತಿರುವಿನ ಲೈಟಿಗೆ ನಾನು ಅಪಘಾತಕ್ಕೆ ಮೊದ್ಲೇ ಅರ್ಜಿ ಕೊಟ್ಟಿದ್ದೆ, ಸ್ವೀಕೃತಿ ಸೀಲು ಇವತ್ತಿಗೂ ಇದೆ, ಅದೊಂದು ಮಾತ್ರ ಮಾಸಿಲ್ಲ. ಕಂಬ ಬಂತು, ಬಲ್ಬು ಬಂದಿಲ್ಲ. ಕೇಳಿದ್ರೆ ಇಂಜಿನಿಯರ್ ಸಾಹೇಬ್ರು ಮೀಟಿಂಗಲ್ಲಿದಾರೆ. ಸ್ಟೇಷನ್ನಲ್ಲಿ ಮಹಜರ್ ಕಾಪಿಗೆ ಹೋದ್ರೆ ರೈಟರ್ ಬಂದೋಬಸ್ತ್ ಡ್ಯೂಟಿ, ಊನದ ಸರ್ಟಿಫಿಕೇಟಿಗೆ ಹೋದ್ರೆ ಮಂಗಳವಾರ ಬನ್ನಿ, ಮಂಗಳವಾರ ಹೋದ್ರೆ ಸರ್ಕಾರಿ ರಜೆ. ಕಾಲಿಲ್ಲದೋನನ್ನೇ ಹುಡುಕಿ ಹುಡುಕಿ ಎರಡನೇ ಮಹಡಿ ಹತ್ತಿಸ್ತಾರೆ, ಲಿಫ್ಟ್ ಬಾಗಿಲಿಗೆ ಹಳೇ ಬೀರು ಅಡ್ಡ ಇಟ್ಟಿದಾರೆ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಇದರ ಕಡೆ ಗಮನ ಕೊಡ್ಬೇಕು. ದುಡ್ಡು ಒಪ್ಪೋ ಅಧಿಕಾರ ಇಲ್ದೋರನ್ನ ಅದಾಲತ್‌ಗೆ ಕಳಿಸ್ಬಾರ್ದು, ಆ ಬಲ್ಬಾದ್ರೂ ಹಾಕ್ಬೇಕು, ಎರಡೂ ಆಗ್ಬೇಕು. ನಿಮ್ಮೋರೂ ಅಷ್ಟೆ, ಸೌಹಾರ್ದ ಗೀಹಾರ್ದ ಅಂತ ಬರೆಯೋ ಮೊದ್ಲು ಹಿಂದಿನ ಬೆಂಚಲ್ಲಿ ಕೂತಿರೋರನ್ನೂ ಒಂದ್ಮಾತು ಕೇಳಿದ್ರೆ ನಿಮ್ಮ ಗಂಟೇನೂ ಹೋಗ್ತಿರ್ಲಿಲ್ಲ.

— ಹದಿನೆಂಟು ಬ್ಲೌಸಿನ ಬೈಗುಳ ತಿಂದ ಟೇಲರ್, ಪಿ.ಬಿ. ರೋಡ್