ಓಡುವ ಹೆಣಗಳು, ನಡೆಯುವ ಹೆಣಗಳು

ಪ್ರೀತಿಯ ಗೆಳೆಯ,

‘ವರ್ಲ್ಡ್ ವಾರ್ ಝಡ್’ ಸಿನಿಮಾ ನೋಡಿಯಾಯಿತು, ಕಥೆ ಗೊತ್ತಾಯಿತು, ಇನ್ನು ಕಾದಂಬರಿಯನ್ನೂ ಓದಬೇಕಾ ಎಂದು ಕೇಳಿದ್ದೀಯ. ಓದಲೇಬೇಕು ಮಾರಾಯ. ಪುಸ್ತಕದ ಕಥೆ ನಿನಗಿನ್ನೂ ಗೊತ್ತೇ ಆಗಿಲ್ಲ. ಬ್ರಾಡ್ ಪಿಟ್ ಮಾಡಿದ ಜೆರಿ ಲೇನ್ ಪಾತ್ರವೇ ಅದರಲ್ಲಿಲ್ಲ.

ಮ್ಯಾಕ್ಸ್ ಬ್ರೂಕ್ಸ್ 2006ರಲ್ಲಿ ಬರೆದ ಈ ಕಾದಂಬರಿಗೆ ನಾಯಕನೇ ಇಲ್ಲ. ಸತ್ತ ಮೇಲೂ ಎದ್ದು ಬಂದು ಕಚ್ಚಿ, ಕಚ್ಚಿಸಿಕೊಂಡವರನ್ನೂ ತಮ್ಮಂತೆಯೇ ಮಾಡುವ ಹೆಣಗಳ (ಝಾಂಬಿಗಳ) ಜೊತೆ ಮನುಷ್ಯರು ಮಾಡಿದ ಯುದ್ಧ ಮುಗಿದು ವರ್ಷಗಳಾದ ಮೇಲೆ ವಿಶ್ವಸಂಸ್ಥೆಯ ಕಡೆಯಿಂದ ಒಬ್ಬಾತ ದೇಶ ದೇಶ ಸುತ್ತಿ, ಬದುಕುಳಿದವರ ಮಾತು ಬರೆದುಕೊಳ್ಳುತ್ತಾನೆ, ಅಷ್ಟೇ. ಚೀನಾದ ಹಳ್ಳಿಯಲ್ಲಿ ಮೊದಲ ರೋಗಿಯನ್ನು ನೋಡಿದ ವೈದ್ಯ, ಕಳ್ಳದಾರಿಯಲ್ಲಿ ಜನರನ್ನು ಗಡಿ ದಾಟಿಸುವವನು, ಸುಳ್ಳು ಲಸಿಕೆ ಮಾರಿ ಕೋಟ್ಯಧಿಪತಿಯಾಗಿ ಅಂಟಾರ್ಟಿಕಾದಲ್ಲಿ ಅಡಗಿ ಕೂತವನು, ಕಾಲಾಳು ಸೈನಿಕ, ಹೀಗೆ ಒಬ್ಬೊಬ್ಬರೂ ತಮ್ಮ ಪಾಲಿನದನ್ನು ಹೇಳುತ್ತಾರೆ. ಎರಡನೇ ಮಹಾಯುದ್ಧದ ನೆನಪುಗಳನ್ನು ಜನರ ಬಾಯಿಂದಲೇ ಹೇಳಿಸಿದ ಸ್ಟಡ್ಸ್ ಟರ್ಕೆಲ್ ಅವರ ‘ದಿ ಗುಡ್ ವಾರ್’ ಇದಕ್ಕೆ ಮಾದರಿ.

ಎರಡಕ್ಕೂ ಇರುವ ನಿಜವಾದ ಅಂತರ ವೇಗದ್ದು. ಸಿನಿಮಾದ ಆರಂಭ ನೆನಪಿಸಿಕೋ. ಫಿಲಡೆಲ್ಫಿಯಾದ ರಸ್ತೆ, ನೆಲಕ್ಕೆ ಬಿದ್ದ ಆಟಿಕೆಯೊಂದು ಒಂದು, ಎರಡು, ಮೂರು ಎಂದು ಎಣಿಸುತ್ತಿರುತ್ತದೆ, ಕಚ್ಚಿಸಿಕೊಂಡವನು ಅಲ್ಲೇ ಒದ್ದಾಡುತ್ತಾನೆ. ಹನ್ನೆರಡು ಸೆಕೆಂಡು ಕಳೆಯುವಷ್ಟರಲ್ಲಿ ಹೆಣವಾಗಿ ಎದ್ದು ಓಡುತ್ತಾನೆ. ಬಹಳ ಒಳ್ಳೆಯ ದೃಶ್ಯ, ಜೆರಿ ಲೇನ್ ಜೊತೆ ನಾವೂ ಎಣಿಸುತ್ತೇವೆ. ಆದರೆ ಆ ಎಣಿಕೆಯೇ ಕಥೆಯ ಕೈ ಕಟ್ಟಿಹಾಕುತ್ತದೆ. ಹನ್ನೆರಡು ಸೆಕೆಂಡಿನಲ್ಲಿ ಬದಲಾಗುವವನು ವಿಮಾನ ಹತ್ತಿ ಖಂಡ ದಾಟುವುದು ಹೇಗೆ? ಆಮೇಲೆ ಕೊರಿಯಾದಲ್ಲಿ ಕೆಲವರಿಗೆ ಹೆಚ್ಚು ಹೊತ್ತು ಹಿಡಿಯಿತು ಎಂದು ಹೇಳಿ ಸಿನಿಮಾ ತೇಪೆ ಹಚ್ಚುತ್ತದೆ.

ಕಾದಂಬರಿಯಲ್ಲಿ ಹೆಣಗಳು ಓಡುವುದಿಲ್ಲ, ಕಾಲೆಳೆದುಕೊಂಡು ನಡೆಯುತ್ತವೆ. ಕಚ್ಚಿಸಿಕೊಂಡವನು ಬದಲಾಗಲು ಗಂಟೆಗಳೇ ಬೇಕು. ಅಷ್ಟು ಹೊತ್ತಿನಲ್ಲಿ ಅವನು ಲಂಚ ಕೊಟ್ಟು ಗಡಿ ದಾಟಬಹುದು, ಗಾಯ ಮುಚ್ಚಿಟ್ಟುಕೊಂಡು ವಿಮಾನ ಹತ್ತಬಹುದು. ಅಕ್ರಮ ಅಂಗಾಂಗ ದಂಧೆಯಲ್ಲಿ ಚೀನಾದಿಂದ ಬಂದ ಹೃದಯ ಬ್ರೆಜಿಲ್‌ನಲ್ಲಿ ರೋಗಿಯೊಬ್ಬನ ಎದೆಯೊಳಗೆ ಸೇರುತ್ತದೆ. ಇಷ್ಟು ನಿಧಾನದ ಶತ್ರು ಗೆಲ್ಲಬೇಕಾದರೆ ಮನುಷ್ಯರು ಸಾಲುಸಾಲಾಗಿ ತಪ್ಪು ಮಾಡಲೇಬೇಕು. ಮುಚ್ಚಿಡುವ ಸರ್ಕಾರ, ‘ಆಫ್ರಿಕನ್ ರೇಬೀಸ್’ ಎಂದು ಹೆಸರಿಟ್ಟು ನಿರಾಳವಾಗುವ ಮಾಧ್ಯಮ, ಚುನಾವಣೆಯ ಲೆಕ್ಕಾಚಾರ, ಎಲ್ಲಕ್ಕೂ ಜಾಗ ಸಿಗುವುದು ಈ ನಿಧಾನದಿಂದಲೇ. ಹೆಣಗಳು ಓಡಲು ಶುರುಮಾಡಿದರೆ ಮನುಷ್ಯರಿಗೂ ಓಡುವುದೊಂದೇ ಕೆಲಸ.

ಜೆರುಸಲೇಮ್‌ನ ಗೋಡೆಯನ್ನೇ ನೋಡು. ಗೋಡೆಯ ಕಲ್ಪನೆ ಪುಸ್ತಕದ್ದೇ. ಒಂಬತ್ತು ಮಂದಿ ಒಂದೇ ಮಾತು ಹೇಳಿದರೆ ಹತ್ತನೆಯವನು ವಿರೋಧಿಸಲೇಬೇಕು ಎಂಬ ನಿಯಮ, ಅದನ್ನು ಹೇಳುವ ವಾರ್ಮ್‌ಬ್ರನ್ ಎಂಬ ಹೆಸರು, ಎರಡೂ ಅಲ್ಲಿಂದಲೇ ಬಂದವು. ಪ್ಯಾಲೆಸ್ಟೀನಿಯರನ್ನು ಒಳಗೆ ಬಿಟ್ಟುಕೊಳ್ಳುವುದೂ ಎರಡರಲ್ಲಿದೆ. ಸಿನಿಮಾದಲ್ಲಿ ಒಳಗೆ ಬಂದವರು ಸಂತೋಷಕ್ಕೆ ಧ್ವನಿವರ್ಧಕ ಹಿಡಿದು ಹಾಡುತ್ತಾರೆ, ಸದ್ದಿಗೆ ಹೆಣಗಳು ಇರುವೆಗಳಂತೆ ಒಂದರ ಮೇಲೊಂದು ಹತ್ತಿ ಗೋಡೆ ದಾಟುತ್ತವೆ. ಪುಸ್ತಕದ ಗೋಡೆಯನ್ನು ಹೆಣಗಳು ದಾಟುವುದೇ ಇಲ್ಲ. ಇಸ್ರೇಲ್ ಸರ್ಕಾರ ಜೆರುಸಲೇಮ್ ಬಿಟ್ಟುಕೊಟ್ಟು ಹಿಂದೆ ಸರಿದ ಸಿಟ್ಟಿಗೆ ಗೋಡೆಯೊಳಗಿನ ಜನರೇ ದಂಗೆ ಏಳುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಈ ಎರಡನೆಯದೇ.

ಸದ್ದಿಗೆ ಹೆಣ ಬರುತ್ತದೆ ಎಂಬ ಇದೇ ನಿಯಮವನ್ನು ಕಾದಂಬರಿ ಹೇಗೆ ದುಡಿಸಿಕೊಳ್ಳುತ್ತದೆ ಗೊತ್ತಾ? ಮೊದಲು ನ್ಯೂಯಾರ್ಕ್ ಪಕ್ಕದ ಊರಾದ ಯಾಂಕರ್ಸ್‌ನ ಕದನ ಬರುತ್ತದೆ. ನ್ಯೂಯಾರ್ಕ್ ಬಿಟ್ಟು ಹೊರಬರುವ ಹೆಣಗಳೆದುರು ಅಮೆರಿಕದ ಸೇನೆ ಟ್ಯಾಂಕು, ರಾಕೆಟ್ಟು ಎಲ್ಲ ಜೋಡಿಸಿ, ಪತ್ರಕರ್ತರನ್ನೂ ಕರೆಸಿ ನಿಲ್ಲುತ್ತದೆ. ಆಯುಧಗಳೆಲ್ಲ ಜೀವಂತ ಶತ್ರುವನ್ನು ಹೆದರಿಸಿ ಕಂಗೆಡಿಸಲು ಮಾಡಿದವು. ಹೆಣಕ್ಕೆ ಹೆದರಿಕೆಯಿಲ್ಲ. ಕೈಕಾಲು ಹಾರಿಹೋದರೂ ಮೆದುಳು ಉಳಿದರೆ ಮುಂದೆ ಬರುತ್ತಲೇ ಇರುತ್ತದೆ. ಬಂದಷ್ಟಕ್ಕೂ ಸಾಲುವಷ್ಟು ಗುಂಡುಗಳಿಲ್ಲ. ಸೈನಿಕರ ಹೆಲ್ಮೆಟ್ಟುಗಳನ್ನೆಲ್ಲ ಒಂದೇ ಜಾಲಕ್ಕೆ ಜೋಡಿಸಿದ್ದರಿಂದ ಒಬ್ಬನನ್ನು ಕಿತ್ತು ತಿನ್ನುವುದನ್ನು ಉಳಿದವರೆಲ್ಲ ಕಣ್ಣೆದುರೇ ನೋಡಿ ದಿಕ್ಕಾಪಾಲಾಗುತ್ತಾರೆ.

ವರ್ಷಗಳ ನಂತರ ನ್ಯೂ ಮೆಕ್ಸಿಕೋದ ಹೋಪ್ ಎಂಬ ಊರಿನಲ್ಲಿ, ಯಾಂಕರ್ಸ್‌ನಿಂದ ಬದುಕಿ ಬಂದ ಕಾಲಾಳು ಸೈನಿಕ ಟಾಡ್ ವೈನಿಯೋ ಮತ್ತೆ ನಿಲ್ಲುತ್ತಾನೆ. ಈ ಸಲ ಟ್ಯಾಂಕಿಲ್ಲ. ದೂರ ತೋರಿಸುವ ಗುರುತುಗಳನ್ನು ನೆಟ್ಟು, ನಾಲ್ಕೂ ದಿಕ್ಕಿಗೆ ಮುಖಮಾಡಿ ಚೌಕವಾಗಿ ನಿಲ್ಲುತ್ತಾರೆ. ಐರನ್ ಮೇಡನ್ ತಂಡದ ಹಾಡನ್ನು ಜೋರಾಗಿ ಹಾಕಿ ಹೆಣಗಳನ್ನು ತಾವೇ ಕರೆಯುತ್ತಾರೆ. ಅವಸರವಿಲ್ಲದೆ, ಲಯ ತಪ್ಪದೆ, ಒಂದು ತಲೆಗೆ ಒಂದು ಗುಂಡು. ಸುಸ್ತಾದವರನ್ನು ಸಾಲಿನಿಂದ ಹಿಂದಕ್ಕೆ ಎಳೆದುಕೊಂಡು ಬೇರೆಯವರನ್ನು ನಿಲ್ಲಿಸುತ್ತಾರೆ. ಈ ಚೌಕದ ವ್ಯೂಹಕ್ಕೆ ಇಟ್ಟ ಹೆಸರು ರಾಜ್ ಸಿಂಗ್, ಕಾದಂಬರಿಯ ಭಾರತೀಯ ಜನರಲ್‌ನದು. ನಮ್ಮ ದೇಶಕ್ಕೆ ಸಂಬಂಧಿಸಿದ ಇನ್ನೊಂದು ಅಧ್ಯಾಯ ಗುಜರಾತಿನ ಅಲಂಗ್‌ನದು. ಖಂಭಾತ್ ಕೊಲ್ಲಿಯ ಭಾರೀ ಉಬ್ಬರವನ್ನು ಬಳಸಿ ಹಳೆಯ ಹಡಗುಗಳನ್ನು ದಡಕ್ಕೇರಿಸಿ ಒಡೆಯುವ ಜಾಗ ಅದು. ಒಡೆಯಲು ತಂದ ಆ ಹಡಗುಗಳಲ್ಲೇ ಪಾರಾಗಲು ಜನ ಮುಗಿಬೀಳುತ್ತಾರೆ. ಇದಾವುದೂ ಸಿನಿಮಾದಲ್ಲಿಲ್ಲ.

ಮಾರ್ಕ್ ಫಾರ್ಸ್ಟರ್ ನಿರ್ದೇಶನದ ಸಿನಿಮಾವನ್ನು ಹೀಗಳೆಯುತ್ತಿದ್ದೇನೆ ಅಂದುಕೊಳ್ಳಬೇಡ. ಮೊದಲು ಅವರು ರಷ್ಯಾದಲ್ಲಿ ನಡೆಯುವ ದೊಡ್ಡ ಕದನವನ್ನು ಚಿತ್ರೀಕರಿಸಿ, ಅದು ಕೂಡಿಬರದೆ ಕೈಬಿಟ್ಟರು. ಡೇಮನ್ ಲಿಂಡೆಲೋಫ್ ಮತ್ತು ಡ್ರೂ ಗಾಡರ್ಡ್ ಕೊನೆಯ ಭಾಗವನ್ನು ಹೊಸದಾಗಿ ಬರೆದರು, 2012ರ ಡಿಸೆಂಬರ್‌ಗೆ ಬರಬೇಕಿದ್ದದ್ದು 2013ರ ಜೂನ್‌ಗೆ ಬಂತು. ಹಾಗೆ ಬಂದದ್ದೇ ಕಾರ್ಡಿಫ್‌ನ ಪ್ರಯೋಗಾಲಯ. ಕಾರಿಡಾರು, ಗಾಜಿನ ಬಾಗಿಲು, ಅದರಾಚೆ ಹಲ್ಲು ಕಟಕಟಿಸುತ್ತ ನಿಂತ ಒಂದೇ ಒಂದು ಹೆಣ. ಇಡೀ ಸಿನಿಮಾದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ, ಇಲ್ಲಿ ಮಾತ್ರ ಅದು ನಿಧಾನವಾಗುತ್ತದೆ. ಆದರೆ ಮಾರಕ ರೋಗ ಚುಚ್ಚಿಕೊಂಡು ಹೆಣಗಳ ಕಣ್ಣು ತಪ್ಪಿಸುವ ಉಪಾಯ ಪುಸ್ತಕದ್ದಲ್ಲ. ಅಲ್ಲಿರುವುದು ದಕ್ಷಿಣ ಆಫ್ರಿಕಾದ ರೆಡೆಕರ್ ಯೋಜನೆ: ಕೆಲವರನ್ನು ಸುರಕ್ಷಿತ ವಲಯಕ್ಕೆ ಸಾಗಿಸುವುದು, ಉಳಿದವರನ್ನು ಹೆಣಗಳ ಗಮನ ಸೆಳೆಯಲೆಂದೇ ಅಲ್ಲಲ್ಲಿ ಬಿಟ್ಟುಬಿಡುವುದು. ಬೇರೆ ದೇಶಗಳೂ ಇದನ್ನೇ ನಕಲು ಮಾಡುತ್ತವೆ. ಓದಿ ಮುಗಿಸಿದ ರಾತ್ರಿ ನಿದ್ದೆ ಬರುವುದಿಲ್ಲ.

ಆರಂಭದಿಂದಲೇ ಸಾಲಾಗಿ ಓದು, ನಡುವೆ ಹಾರಿಸಬೇಡ. ಮೊದಲು ಗಾಳಿಮಾತಾಗಿ ಕೇಳಿದ್ದು ನೂರು ಪುಟದ ನಂತರ ಇನ್ನೊಬ್ಬರ ಬಾಯಲ್ಲಿ ನಿಜವಾಗಿ ಬರುತ್ತದೆ. ಕೇಳುವುದೇ ಸುಲಭ ಎನಿಸಿದರೆ ಹಲವು ನಟರು ದನಿ ಕೊಟ್ಟ ಆಡಿಯೋ ಪುಸ್ತಕವಿದೆ, ಟಾಡ್‌ಗೆ ಮಾರ್ಕ್ ಹ್ಯಾಮಿಲ್ ದನಿ. ಮೊದಲು ಬಂದದ್ದು ಕತ್ತರಿಸಿದ ಆವೃತ್ತಿ, 2013ರದ್ದನ್ನೇ ತೆಗೆದುಕೋ. ಯಾಂಕರ್ಸ್ ಮುಗಿದ ದಿನ ಫೋನ್ ಮಾಡು.

ಇಂತಿ ನಿನ್ನ ಗೆಳೆಯ