ಗ್ರಾಮಸಭೆಗೆ ಜಾಗ ನೋಡಿ ಇಡಿ

ಸಂಪಾದಕರೇ,

ಗ್ರಾಮಸಭೆಗೆ ಜನ ಬರುವುದಿಲ್ಲ ಅಂತ ಪಂಚಾಯಿತಿಯವರು ದೂರುತ್ತಲೇ ಇರುತ್ತಾರೆ. ಬಂದವರಿಗೆ ಕೂರಲು ನೆರಳಿದೆಯಾ, ಹೇಳಿದ್ದು ಕಿವಿಗೆ ಬೀಳುತ್ತದಾ ಅಂತ ಮಾತ್ರ ಯಾರೂ ನೋಡುವುದಿಲ್ಲ.

ನಮ್ಮಲ್ಲಿ ಸಭೆ ನಡೆಯುವುದು ಕಚೇರಿ ಮುಂದೆ, ರಸ್ತೆಗೆ ಅಂಟಿಕೊಂಡ ಹಾಗೆ ಹಾಕಿದ ಶಾಮಿಯಾನದಲ್ಲಿ. ಬಿಸಿಲು ಏರಿದ ಹಾಗೆ ಜನ ಕುರ್ಚಿ ಎಳೆದುಕೊಂಡು ನೆರಳಿನ ಹಿಂದೆ ಹೋಗುತ್ತಾರೆ. ಮನೆ ಮಂಜೂರಾದವರ ಪಟ್ಟಿ ಓದುವ ಹೊತ್ತಿಗೇ ಬಸ್ಸು ಬಂದು ಹಾರ್ನ್ ಹೊಡೆಯುತ್ತದೆ, ಆ ಗದ್ದಲದಲ್ಲಿ ನಾಲ್ಕೈದು ಹೆಸರು ಕೇಳಿಸುವುದೇ ಇಲ್ಲ, ಇನ್ನೊಂದು ಸಲ ಓದಿ ಅಂದರೆ ‘ಆಮೇಲೆ ಆಫೀಸಿಗೆ ಬನ್ನಿ’ ಅನ್ನುತ್ತಾರೆ. ಆಫೀಸಿಗೇ ಹೋಗುವುದಾದರೆ ಸಭೆ ಯಾಕೆ ಬೇಕು? ಫಲಾನುಭವಿಗಳ ಆಯ್ಕೆ ಊರವರ ಎದುರಿಗೇ ಆಗಲಿ ಅಂತ ತಾನೆ ಗ್ರಾಮಸಭೆ ಇರುವುದು.

ಹೆಂಗಸರು ಶಾಮಿಯಾನದ ಆಚೆ ಗೋಡೆಗೆ ಒರಗಿ ನಿಂತಿರುತ್ತಾರೆ. ಮುಂದಿನ ಸಾಲು ಮುಖಂಡರದ್ದು, ಮೈಕು ವೇದಿಕೆ ಬಿಟ್ಟು ಕೆಳಗೆ ಇಳಿಯುವುದಿಲ್ಲ. ನಲ್ಲಿ ನೀರು ಯಾವ ಬೀದಿಗೆ ಎಷ್ಟು ಹೊತ್ತು ಬರುತ್ತದೆ ಅಂತ ಸರಿಯಾಗಿ ಗೊತ್ತಿರುವುದು ಈ ಹೆಂಗಸರಿಗೇ. ಹತ್ತಿರದಲ್ಲಿ ಶೌಚಾಲಯವೂ ಇಲ್ಲ, ನೀರಿನ ವಿಷಯ ಬರುವ ಮೊದಲೇ ಅರ್ಧ ಜನ ಮನೆಗೆ ಹೋಗಿರುತ್ತಾರೆ.

ಕೆಲವು ಊರುಗಳಲ್ಲಿ ದೇವಸ್ಥಾನದ ಜಗಲಿಯಲ್ಲೋ ದೊಡ್ಡವರ ಮನೆ ಅಂಗಳದಲ್ಲೋ ಸಭೆ ಮಾಡಿ ಮುಗಿಸುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ದಲಿತ ಕೇರಿಯವರು ಹತ್ತಲು ಹಿಂಜರಿಯುವ ಜಗಲಿಯಲ್ಲಿ ನಡೆದದ್ದನ್ನು ಊರಿನ ಸಭೆ ಅನ್ನಲು ಆಗುತ್ತದಾ? ಇನ್ನು, ಯಾರ ಅಂಗಳದಲ್ಲಿ ಕೂತು ಕಾಫಿ ಕುಡಿದಿರುತ್ತೇವೋ ಅವರು ಮಾಡಿದ ಒತ್ತುವರಿ ಬಗ್ಗೆ ಬಾಯಿ ಬಿಡುವವರು ಯಾರು?

1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ವರ್ಷಕ್ಕೆ ಎರಡು ಸಲ ಅಂದರೂ ಶಾಲೆಗೆ ರಜೆ ಇರುವ ದಿನ ನೋಡಿ ಅಲ್ಲೇ ಇಡಬಹುದು. ಸರ್ಕಾರಿ ಶಾಲೆಯಲ್ಲಿ ಬಾಗಿಲು ಹಾಕಿಕೊಳ್ಳುವ ಕೊಠಡಿ ಇರುತ್ತದೆ, ನೀರು, ಶೌಚಾಲಯ ಇರುತ್ತದೆ, ಯಾವ ಕೇರಿಯವರೂ ಸಂಕೋಚ ಇಲ್ಲದೆ ಒಳಗೆ ಬರುತ್ತಾರೆ. ಕರಿಹಲಗೆ ಮೇಲೆ ಹೆಸರುಗಳನ್ನು ದೊಡ್ಡದಾಗಿ ಬರೆದರೆ ಸಾಕು, ಬಸ್ಸು ಎಷ್ಟು ಕೂಗಿದರೂ ಪಟ್ಟಿ ಅಲ್ಲೇ ಇರುತ್ತದೆ. ವೇದಿಕೆ ಬೇಡವೇ ಬೇಡ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಅಧ್ಯಕ್ಷರು, ಸಭೆ ನೋಡಿಕೊಳ್ಳಲು ಬರುವ ನೋಡಲ್ ಅಧಿಕಾರಿ ಎಲ್ಲರೂ ಜನರ ಜೊತೆಗೇ ಕೂರಲಿ, ಮೈಕು ಕೈಯಿಂದ ಕೈಗೆ ಹೋಗಲಿ.

ಒಂದು ಪಂಚಾಯಿತಿಗೆ ನಾಲ್ಕಾರು ಹಳ್ಳಿ ಸೇರಿರುತ್ತವೆ. ಪ್ರತಿ ಸಲ ಕಚೇರಿ ಇರುವ ಊರಿಗೇ ಬನ್ನಿ ಅಂದರೆ ದೂರದ ಹಟ್ಟಿಯವರು ಒಂದು ದಿನದ ಕೂಲಿ ಬಿಟ್ಟು ಬರಬೇಕು. ಈ ಸಲ ಇಲ್ಲಿ, ಮುಂದಿನ ಸಲ ಅಲ್ಲಿ ಅಂತ ಸರದಿ ಮಾಡಿ. ಗ್ರಾಮಸಭೆಗೂ ಮುಂಚೆ ವಾರ್ಡ್ ಸಭೆ ಆಗಬೇಕಲ್ಲ, ಜಾಗ ಯಾವುದು ಅಂತ ಅಲ್ಲೇ ಜನರನ್ನು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆದು, ಆಮೇಲೆ ಡಂಗುರ ಹೊಡೆಸಿ.

– ಗ್ರಾಮಸಭೆಗೆ ತಪ್ಪದೆ ಹೋಗುವ ಓದುಗ