ಸೀಮೆಯಲ್ಲಿ ಸೀಮೆ ಬದನೆ

ನಮ್ಮ ಕನ್ನಡ ಕೂಟದ ಪತ್ರಿಕೆಯ ಯುಗಾದಿ ಸಂಚಿಕೆ ಅಂದರೆ ಸಂಪಾದಕರು ಬೇವು-ಬೆಲ್ಲದ ಬಗ್ಗೆ ಬರೆಯಲೇಬೇಕು. ಬರೆಯೋಣ ಅಂತ ಕೂತೆ. ಕಿಟಕಿಯಾಚೆ ಬೇವಿನ ಕುಂಡದಲ್ಲಿ ಒಣಗಿದ ಕಡ್ಡಿಯೊಂದು ನಿಂತಿತ್ತು. ಜನವರಿಯಲ್ಲೇ ಹೋಗಿತ್ತು, ನಾನು ಒಪ್ಪಿಕೊಂಡಿರಲಿಲ್ಲ ಅಷ್ಟೇ. ಬೇವೇ ಇಲ್ಲದ ಮೇಲೆ ಬರೀ ಬೆಲ್ಲದ ಬಗ್ಗೆ ಎಷ್ಟು ಅಂತ ಬರೆಯಲಿ? ಈ ಸಲ ಹಿತ್ತಲ ಕಥೆ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಈ ಮನೆಗೆ ಬಂದ ಮೇಲೆ ನನ್ನ ಕೈಯಲ್ಲಿ ಸತ್ತದ್ದು ಎರಡು ಮಾವು, ಒಂದು ಹಲಸು, ಮೂರು ಕರಿಬೇವು. ವೀಳ್ಯದೆಲೆ ಬಳ್ಳಿ ಎಷ್ಟು ಹೋದವೋ ಲೆಕ್ಕ ಇಟ್ಟಿಲ್ಲ. ಎಲ್ಲಕ್ಕೂ ಚಳಿಯನ್ನೇ ಬೈಯುತ್ತಿದ್ದೆ. ಆದರೆ ಇಲ್ಲಿನ ಚಳಿ ಅಂಥ ಘೋರವೇನಲ್ಲ. ವರ್ಷಕ್ಕೆ ಕೆಲವು ರಾತ್ರಿ ಮಾತ್ರ 32 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಹೆಪ್ಪುಗಟ್ಟುವ ಮಟ್ಟ, ಮುಟ್ಟುತ್ತದೆ. ಚಿಕಾಗೋದಲ್ಲಿರುವ ನನ್ನ ಭಾವ ಇದನ್ನು ಚಳಿ ಅಂತ ಕರೆಯುವುದಕ್ಕೇ ಒಪ್ಪುವುದಿಲ್ಲ.

ತೊಂದರೆ ಜಾಸ್ತಿ ಇರುವುದು ಮಳೆಯಲ್ಲಿ. ನಮ್ಮೂರಲ್ಲಿ ಮಳೆ ಬೀಳುವಾಗ ಮಣ್ಣು ಬೆಚ್ಚಗಿರುತ್ತದೆ, ಗಿಡ ನೀರು ಕುಡಿದು ಚಿಗುರುತ್ತದೆ. ಇಲ್ಲಿ ಲೆಕ್ಕ ತಿರುಗುಮುರುಗು. ವರ್ಷಕ್ಕೆ ಬೀಳುವ ಸುಮಾರು 15 ಇಂಚು ಮಳೆಯಲ್ಲಿ ಬಹುಪಾಲು ನವೆಂಬರಿನಿಂದ ಏಪ್ರಿಲ್ ಒಳಗೆ, ಚಳಿಯ ಜೊತೆಗೇ ಬಂದುಬಿಡುತ್ತದೆ. ಬೇಸಿಗೆಯಲ್ಲಿ ಒಂದು ಹನಿ ಇಲ್ಲ. ಇಲ್ಲಿನ ಜೇಡಿಮಣ್ಣು ತಿಂಗಳುಗಟ್ಟಲೆ ತಣ್ಣಗೆ, ಒದ್ದೆಯಾಗಿ ಕೂತರೆ ಮಾವಿನ ಬೇರು ಕೊಳೆಯದೆ ಇನ್ನೇನಾಗುತ್ತದೆ? ಹಾಗೂ ಬದುಕಿ ಉಳಿದ ಮಾವು ಚಳಿಗಾಲದಲ್ಲೇ ಹೂ ಬಿಟ್ಟು, ಬೂದಿರೋಗ ಹತ್ತಿಸಿಕೊಂಡು, ಒಂದು ಕಾಯಿಯೂ ಕಚ್ಚದೆ ಸುಮ್ಮನಾಗುತ್ತದೆ. ನೆಡಲೇಬೇಕು ಅನ್ನುವವರು ಒಂದಡಿ ಎತ್ತರದ ದಿಬ್ಬ ಮಾಡಿ, ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಪಕ್ಕ ನೆಡಿ. ನನಗಂತೂ ಸಾಕಾಗಿದೆ.

ಕರಿಬೇವಿನ ಕಥೆಯೂ ಇಂಥದ್ದೇ. ಡಿಸೆಂಬರ್ ಬಂತೆಂದರೆ ಎಲೆ ಹಳದಿಯಾಗಿ ಉದುರುತ್ತದೆ. ತಣ್ಣನೆಯ ಮಣ್ಣಿನಲ್ಲಿ ಬೇರು ಸರಿಯಾಗಿ ಕೆಲಸ ಮಾಡುವುದಿಲ್ಲ, ಕಬ್ಬಿಣದ ಅಂಶ ಎಲೆಗೆ ತಲುಪುವುದಿಲ್ಲ. ನಾವು ಅಯ್ಯೋ ಪಾಪ ಅಂತ ನೀರು ಸುರಿಯುತ್ತೇವೆ. ನನ್ನ ಮೂರರಲ್ಲಿ ಎರಡು ಹೋದದ್ದು ಹೀಗೆ, ಅತಿ ಮುದ್ದಿನಿಂದ. ಈಗಿನದು ಕುಂಡದಲ್ಲಿದೆ. ರಾತ್ರಿಯೂ 50 ಡಿಗ್ರಿ ಫ್ಯಾರನ್‌ಹೀಟ್ (10 ಸೆಲ್ಸಿಯಸ್) ದಾಟುವ ತನಕ, ಎರಡು ಇಂಚು ಮಣ್ಣು ಒಣಗದೆ ನೀರು ಹಾಕುವುದಿಲ್ಲ. ಬೋಳಾಗಿ ನಿಲ್ಲುತ್ತದೆ, ನೋಡಲು ಸಂಕಟವಾಗುತ್ತದೆ, ಆದರೆ ಏಪ್ರಿಲ್‌ನಲ್ಲಿ ಚಿಗುರುತ್ತದೆ. ಹುಳಿ ಮಜ್ಜಿಗೆ ಹಾಕಬಹುದಾ ಅಂತ ನಮ್ಮ ಕೂಟದ ಪ್ರತಿ ಊಟದಲ್ಲೂ ಯಾರಾದರೂ ಕೇಳುತ್ತಾರೆ. ಬೇಸಿಗೆಯಲ್ಲಿ, ನೀರು ಬೆರೆಸಿ ಹಾಕಿ. ಚಳಿಗಾಲದಲ್ಲಿ ಹಾಕಿದರೆ ಗಿಡ ಅದನ್ನು ಮೂಸಿಯೂ ನೋಡುವುದಿಲ್ಲ, ರಕೂನ್ ಅನ್ನುವ ಇಲ್ಲಿನ ಕಾಡುಪ್ರಾಣಿ ಬಂದು ಕುಂಡ ಉರುಳಿಸುತ್ತದೆ. ಅನುಭವದ ಮಾತು.

ಇಲ್ಲಿ ಸ್ವಲ್ಪ ಖಾರವಾಗಿ ಬರೆಯಬೇಕಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕೂಟಗಳಲ್ಲಿ ಕರಿಬೇವಿನ ಸಸಿ ಪ್ರಸಾದದ ಹಾಗೆ ಕೈಯಿಂದ ಕೈಗೆ ದಾಟುತ್ತದೆ. ಕರಿಬೇವು ಕಿತ್ತಳೆ, ನಿಂಬೆಯ ಕುಟುಂಬದ್ದೇ ಗಿಡ. ಏಷ್ಯನ್ ಸಿಟ್ರಸ್ ಸಿಲಿಡ್ ಅನ್ನುವ ಎಳ್ಳಿನಷ್ಟು ಚಿಕ್ಕ ಕೀಟಕ್ಕೆ ಅದರ ಚಿಗುರೆಂದರೆ ಪ್ರಾಣ. ಇದೇ ಕೀಟ ಕಿತ್ತಳೆ ಮರಕ್ಕೆ ಹಚ್ಚುವ ರೋಗಕ್ಕೆ ಮದ್ದಿಲ್ಲ. ಫ್ಲಾರಿಡಾದಲ್ಲಿ ಆ ರೋಗ ಕಂಡದ್ದು 2005ರಲ್ಲಿ. ಅಲ್ಲಿನ ಕಿತ್ತಳೆ ಬೆಳೆ ಈಗ ಅದಕ್ಕೆ ಮೊದಲು ಇದ್ದುದರ ಹತ್ತರಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿದಿದೆ. ಚಂಡಮಾರುತಗಳೂ ಕೈ ಸೇರಿಸಿದವು, ಆದರೆ ಮುಖ್ಯ ಕಾರಣ ರೋಗವೇ. ಕ್ಯಾಲಿಫೋರ್ನಿಯಾಕ್ಕೆ ಕೀಟ ಬಂದದ್ದು 2008ರಲ್ಲಿ. ರೋಗ ಮೊದಲು ಸಿಕ್ಕಿದ್ದು 2012ರಲ್ಲಿ, ಲಾಸ್ ಏಂಜಲೀಸ್ ಕೌಂಟಿಯಲ್ಲಿ. ದೊಡ್ಡ ತೋಟದಲ್ಲಲ್ಲ, ನಮ್ಮಂಥವರ ಮನೆಯ ಅಂಗಳದ ಮರದಲ್ಲಿ.

ಅದಕ್ಕೇ ಊರಿಂದ ಕರಿಬೇವಿನ ಸಸಿ ತರುವಂತಿಲ್ಲ, ಹಸಿ ಸೊಪ್ಪನ್ನೂ ತರುವಂತಿಲ್ಲ. ಇಲ್ಲೇ ಆದರೂ ನಿರ್ಬಂಧ ಇರುವ ವಲಯದಿಂದ ಗಿಡ ಹೊರಗೆ ಸಾಗಿಸುವಂತಿಲ್ಲ. ನರ್ಸರಿಯ ಚೀಟಿ ಇರುವ ಗಿಡ ಕೊಂಡುಕೊಳ್ಳಿ. ದುಬಾರಿ, ಗೊತ್ತು. ಉಪದೇಶ ಮಾಡುವ ನಾನೂ ಒಮ್ಮೆ, ಅತ್ತಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟ ಸಸಿಯನ್ನು ಬನಿಯನ್‌ಗಳ ನಡುವೆ ಇಟ್ಟುಕೊಂಡು ಬಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವನೇ. ಯುಗಾದಿ ಊಟದ ದಿನ ಗಿಡ ಹಂಚುವ ಮೇಜಿನ ಮೇಲೆ ಈ ವರ್ಷ ಕರಿಬೇವು, ನಿಂಬೆ ಇರುವುದಿಲ್ಲ.

ಹಾಗಾದರೆ ನನ್ನ ಹಿತ್ತಲಲ್ಲಿ ಚೆನ್ನಾಗಿ ಬಂದದ್ದು ಯಾವುದು? ನಾನು ಕೇಳದೆಯೇ ಬಂದ ಬಳ್ಳಿ. ಪಕ್ಕದ ಮನೆಯ ಮೆಕ್ಸಿಕೋದ ಅಜ್ಜಿ ಒಂದು ದಿನ ಬೇಲಿಯ ಮೇಲಿಂದ ಹಸಿರು ಕಾಯಿ ಕೊಟ್ಟು "ಚಯೋತೆ" ಅಂದರು. ನೋಡಿದರೆ ನಮ್ಮ ಸೀಮೆ ಬದನೆ! ಅವರ ಊರಿನದೇ ತರಕಾರಿ ಅದು. 1874ರಿಂದ 1908ರ ತನಕ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮೆರಾನ್ ಅದನ್ನು ಅಲ್ಲಿ ತಂದು ಬೆಳೆಸಿದರು. ಅದು ಎಷ್ಟು ಒಗ್ಗಿತೆಂದರೆ ತಮಿಳರು ಅದನ್ನು ಬೆಂಗಳೂರು ಬದನೆ ಅಂತಲೇ ಕರೆಯುತ್ತಾರೆ. ಹಡಗು ಹತ್ತಿ ಬಂದದ್ದಕ್ಕೆಲ್ಲ ನಮ್ಮವರು ಸೀಮೆ ಅಂತ ಅಂಟಿಸಿದರು: ಸೀಮೆ ಬದನೆ, ಸೀಮೆ ಹುಣಸೆ, ಸೀಮೆಎಣ್ಣೆ, ಸೀಮೆಸುಣ್ಣ. ಪಪ್ಪಾಯಿಗೆ ಪರಂಗಿ ಹಣ್ಣು ಅಂದರು. ಈಗ ನಾವೇ ಸೀಮೆಗೆ ಬಂದು ಕೂತಿದ್ದೇವೆ.

ಸೀಮೆ ಬದನೆಯ ಬೀಜ ಬಿಡಿಸುವಂತಿಲ್ಲ, ಇಡೀ ಕಾಯಿಯನ್ನೇ ನೆಡಬೇಕು. ಬೇಸಿಗೆಯೆಲ್ಲ ಬರೀ ಬಳ್ಳಿ ಹಬ್ಬಿ ಹೆದರಿಸುತ್ತದೆ. ಹಗಲು ಹನ್ನೆರಡು ಗಂಟೆಯಷ್ಟಕ್ಕೆ ಇಳಿಯುವವರೆಗೆ ಹೂ ಬಿಡುವುದಿಲ್ಲ. ಆಗಸ್ಟ್‌ನಲ್ಲಿ ಬೇಸತ್ತು ಕಿತ್ತು ಹಾಕಬೇಡಿ. ದೀಪಾವಳಿ ಹೊತ್ತಿಗೆ ಕಾಯಿ ಎಷ್ಟು ಬಂತೆಂದರೆ ಆಫೀಸಿನಲ್ಲಿ ನನ್ನನ್ನು ಕಂಡರೆ ಜನ ದಾರಿ ಬದಲಿಸತೊಡಗಿದರು. ಸಿಪ್ಪೆಯ ಚಟ್ನಿ ಮಾಡಿ ಅಜ್ಜಿಗೆ ಕೊಟ್ಟೆ. ಸಿಪ್ಪೆ ತಿನ್ನುತ್ತೀರಾ ಅಂತ ಬೆರಗಾದರು. ಅವರು ಅದರ ಗೆಡ್ಡೆ ಬೇಯಿಸಿ ತಿನ್ನುತ್ತಾರಂತೆ. ಬೆರಗಾಗುವ ಸರದಿ ನನ್ನದು.

ಆಮೇಲೆ ನನಗೆ ಹೊಳೆದದ್ದು ಇಷ್ಟು. ಉಷ್ಣವಲಯದಲ್ಲಿ ಮಂಗಳೂರಿನ ಸೆಕೆಯೂ ಇದೆ, ಮಡಿಕೇರಿಯ ಮಂಜೂ ಇದೆ. ನಾನು ಮಂಗಳೂರಿನ ಗಿಡಗಳನ್ನೇ ಹಿಡಿದುಕೊಂಡು ಸೋಲುತ್ತಿದ್ದೆ. ಮಡಿಕೇರಿ ಸ್ವಭಾವದವು ಇಲ್ಲಿ ಒಗ್ಗುತ್ತವೆ. ಚೆರಿಮೋಯಾ ನೋಡಿ. ಸೀತಾಫಲದ ದೊಡ್ಡಪ್ಪನ ಮಗ, ಆಂಡಿಸ್ ಬೆಟ್ಟಗಳ ಕಡೆಯದು, ರಾತ್ರಿ ತಂಪಾಗಿದ್ದರೇ ಅದಕ್ಕೆ ಸುಖ. ಒಂದೇ ಗೋಳು, ಪರಾಗ ಮುಟ್ಟಿಸುವ ಅದರೂರಿನ ದುಂಬಿ ಇಲ್ಲಿಲ್ಲ. ಹೂವು ಮೊದಲು ಹೆಣ್ಣಾಗಿ ಅರಳಿ, ಮಾರನೆಯ ದಿನ ಸಂಜೆ ಗಂಡಾಗುತ್ತದೆ. ಸಂಜೆ ಪರಾಗ ಕೂಡಿಟ್ಟು, ಬೆಳಿಗ್ಗೆ ಹೊಸ ಹೂವಿಗೆ ಮಗಳ ಬಣ್ಣದ ಕುಂಚದಿಂದ ಸವರುತ್ತೇನೆ. ಮನೆಯಲ್ಲಿ ಇದಕ್ಕೆ ಎಷ್ಟು ತಮಾಷೆ ಮಾಡುತ್ತಾರೆ ಅಂತ ಬರೆಯುವುದಿಲ್ಲ. ಹೋದ ವರ್ಷ ಏಳು ಹಣ್ಣು ಬಂದವು. ಇಂಥ ಹುಚ್ಚು ಇರುವವರಿಗೆ 1968ರಲ್ಲಿ ಶುರುವಾದ ಕ್ಯಾಲಿಫೋರ್ನಿಯಾ ರೇರ್ ಫ್ರೂಟ್ ಗ್ರೋಯರ್ಸ್ ಸಂಘ ಇದೆ. ಚಳಿಗಾಲದಲ್ಲಿ ಅವರು ಕಸಿ ಕಡ್ಡಿ ಹಂಚುತ್ತಾರೆ, ಕನ್ನಡ ಮಾತು ಅಲ್ಲೂ ಕಿವಿಗೆ ಬಿತ್ತು.

ನನ್ನ ಗ್ಯಾರೇಜಿನ ಶೆಲ್ಫ್ ಮೇಲೆ ನವೆಂಬರಿನಲ್ಲಿ ಎತ್ತಿಟ್ಟ ಸೀಮೆ ಬದನೆಗಳು ಗೇಣುದ್ದ ಮೊಳಕೆ ಬಿಟ್ಟಿವೆ. ಐದಿವೆ. ಒಂದು ಅಜ್ಜಿಯ ಮೊಮ್ಮಗನಿಗೆ, ಒಂದು ನನಗೆ. ಉಳಿದ ಮೂರನ್ನು ಯುಗಾದಿ ಊಟಕ್ಕೆ ತರುತ್ತೇನೆ. ಚೀಲ ನೀವೇ ತನ್ನಿ, ಬೇಲಿ ಗಟ್ಟಿ ಇದೆಯಾ ಅಂತ ಮೊದಲೇ ನೋಡಿಕೊಂಡಿರಿ.